ಪವರ್‌ಪಾಯಿಂಟ್ ಟೆಂಪ್ಲೇಟಿನಲ್ಲಿ ಏಳೇ ಏಳು ಲೇಔಟ್ ಹೆಸರು ಸ್ವಾಮಿ, ಅದನ್ನಾದ್ರೂ ಮುಟ್ಟದೆ ಬಿಡೋಕಾಗಲಿಲ್ವಾ?

"ಸ್ವಲ್ಪ ಜೂಮ್ ಔಟ್ ಮಾಡಿ ಸರ್, ಬಲಗಡೆ ಇರೋದು ಕಾಣಿಸ್ತಿಲ್ಲ."

ಮೀಟಿಂಗಲ್ಲಿ ನಮ್ಮ ಸ್ಲೈಡ್ ನೋಡಿ ಮೇಡಂ ಅಂದಿದ್ದು ಇದು. ಬಲಗಡೆ ಏನೂ ಇರಲಿಲ್ಲ ಮೇಡಂ! ಇದ್ದದ್ದೇ ಅಷ್ಟು! ಎರಡು ಕಾಲಂ, ಎರಡೂ ಎಡಕ್ಕೆ ಮುದುರಿಕೊಂಡು ಕೂತಿದ್ವು. ಬಲಗಡೆ ಮೂರು ಇಂಚಿಗೂ ಜಾಸ್ತಿ ಬಟಾಬಯಲು.

ಡಿಸೈನ್‌ನವರು ಕೊಟ್ಟ ಟೆಂಪ್ಲೇಟ್ ವರ್ಷನ್ ಎರಡಂತೆ. ಲೋಗೋ ಒಂಚೂರು ಮೇಲೆ ಹೋಗಿದೆ, ನೀಲಿ ಒಂಚೂರು ಗಾಢ ಆಗಿದೆ, ಅದಕ್ಕೊಂದು ಸರ್ಕ್ಯುಲರ್ ಬೇರೆ. ಆ ಸರ್ಕ್ಯುಲರ್‌ನಲ್ಲಿ "ಲೇಔಟ್ ಹೆಸರುಗಳನ್ನೂ ಬದಲಾಯಿಸಿದ್ದೀವಿ" ಅಂತ ಒಂದು ಸಾಲು ಇತ್ತಾ? ಹುಡುಕಿ ನೋಡಿ, ಸಿಗಲ್ಲ. ಲೋಗೋ ಸುತ್ತ ಎಷ್ಟು ಜಾಗ ಬಿಡಬೇಕು ಅನ್ನೋದಕ್ಕೆ ಮಾತ್ರ ಅರ್ಧ ಪುಟ.

ನಾವು ಸ್ಲೈಡ್ ಮಾಡೋದು ಪಾಂಡಾಕ್‌ನಲ್ಲಿ, ಅಂದ್ರೆ ಮಾರ್ಕ್‌ಡೌನ್ ಅನ್ನೋ ಸರಳ ಗುರುತುಗಳ ಬರಹವನ್ನ ವರ್ಡ್, ವೆಬ್, ಸ್ಲೈಡ್ ಆಗಿ ಬದಲಾಯಿಸೋ ಉಪಕರಣದಲ್ಲಿ. ಅದು ಲೇಔಟನ್ನ (ಸ್ಲೈಡಲ್ಲಿ ಯಾವ ಪೆಟ್ಟಿಗೆ ಎಲ್ಲಿರಬೇಕು ಅನ್ನೋ ಅಚ್ಚನ್ನ) ಕಣ್ಣಲ್ಲಿ ನೋಡಿ ಆರಿಸಲ್ಲ ಕಣ್ರೀ, ಹೆಸರು ಹಿಡಿದು ಆರಿಸುತ್ತೆ. ಗುಟ್ಟು ಇರೋದೇ ಇಷ್ಟು. ಶೀರ್ಷಿಕೆ, ಲೇಖಕರು, ದಿನಾಂಕ ಇರೋ ಮೊದಲ ಪುಟಕ್ಕೆ ಟೈಟಲ್ ಸ್ಲೈಡ್. ಸ್ಲೈಡ್ ಲೆವೆಲ್‌ಗಿಂತ (ಹೊಸ ಸ್ಲೈಡ್ ಶುರುವಾಗೋ ಹೆಡಿಂಗ್ ಮಟ್ಟಕ್ಕಿಂತ) ಮೇಲಿನ ಹೆಡಿಂಗಿಗೆ ಸೆಕ್ಷನ್ ಹೆಡರ್. ಎರಡು ಕಾಲಂ ಇದ್ರೆ ಟೂ ಕಂಟೆಂಟ್. ಆ ಕಾಲಂಗಳಲ್ಲಿ ಒಂದರಲ್ಲಾದ್ರೂ ಬರಹದ ಕೆಳಗೆ ಚಿತ್ರವೋ ಟೇಬಲ್ಲೋ ಬಂದ್ರೆ ಕಂಪ್ಯಾರಿಸನ್. ಕಾಲಂ ಇಲ್ಲದೆ ಬರಹ ಆದಮೇಲೆ ಚಿತ್ರ ಬಂದ್ರೆ ಕಂಟೆಂಟ್ ವಿತ್ ಕ್ಯಾಪ್ಷನ್. ಬರೀ ಸ್ಪೀಕರ್ ನೋಟ್ಸ್ ಇದ್ರೆ ಬ್ಲಾಂಕ್. ಉಳಿದಿದ್ದಕ್ಕೆಲ್ಲ ಟೈಟಲ್ ಅಂಡ್ ಕಂಟೆಂಟ್. ಏಳು. ಪವರ್‌ಪಾಯಿಂಟ್ ತಾನಾಗಿ ಕೊಡೋ ಖಾಲಿ ಪ್ರೆಸೆಂಟೇಶನ್ನಿನಲ್ಲಿ ಈ ಏಳೂ ಹುಟ್ಟಿನಿಂದಲೇ ಇರ್ತವೆ. ಕೆಡಿಸೋಕೇ ಶ್ರಮ ಪಡಬೇಕು.

ಇವರು ಶ್ರಮ ಪಟ್ಟಿದ್ದಾರೆ. ಟೂ ಕಂಟೆಂಟ್ ಹೋಗಿ "ಬ್ರ್ಯಾಂಡ್ ಡಬಲ್ 02" ಆಗಿದೆ. ಸೆಕ್ಷನ್ ಹೆಡರ್ ಇದ್ದದ್ದು "1_ಸೆಕ್ಷನ್ ಹೆಡರ್". ಈ "1_" ಯಾರೂ ಟೈಪ್ ಮಾಡಿದ್ದಲ್ಲ. ಬೇರೆ ಫೈಲಿಂದ ಲೇಔಟ್ ಎತ್ತಿ ಅಂಟಿಸಿದಾಗ ಪವರ್‌ಪಾಯಿಂಟೇ ಸೇರಿಸೋ ಬಾಲ. ಸರಿ, ಬಾಲ ಅದೇ ಸೇರಿಸ್ತು, ತೆಗೆಯೋಕೆ ನಿಮಗೇನಾಗಿತ್ತು?

ಹೆಸರು ಸಿಗದಿದ್ರೆ ಪಾಂಡಾಕ್ ಸತ್ತು ಬೀಳಲ್ಲ, ಅದೇ ದೊಡ್ಡ ತಲೆನೋವು. ಒಂದು ವಾರ್ನಿಂಗ್ ಸಾಲು ಉಗುಳಿ, ತನ್ನ ಹತ್ರ ಇರೋ ಡೀಫಾಲ್ಟ್ ಫೈಲಿಂದ ಆ ಹೆಸರಿನ ಲೇಔಟ್ ತಂದು ತುರುಕಿ ಮುಂದಕ್ಕೆ ಹೋಗುತ್ತೆ. ಆ ಡೀಫಾಲ್ಟ್ ಲೇಔಟ್ ಬರೆದಿರೋದು 10 ಇಂಚು ಅಗಲದ ಸ್ಲೈಡಿಗೆ, ಅಂದ್ರೆ 91,44,000 ಇಎಂಯು (ಫೈಲಿನೊಳಗೆ ಬಳಸೋ ಅಳತೆ). ನಮ್ಮ ಟೆಂಪ್ಲೇಟ್ ಈಗಿನ ಅಗಲದ್ದು, 13.33 ಇಂಚು, 1,21,92,000 ಇಎಂಯು. ಕಾಲಂ ಪೆಟ್ಟಿಗೆಗಳ ಜಾಗ ಲೇಔಟ್ ಒಳಗೇ ಅಂಕಿಯಲ್ಲಿ ಬರೆದಿರುತ್ತೆ, ಅದು ಹಿಗ್ಗಲ್ಲ. ಬಣ್ಣ ನಮ್ಮದೇ, ಫಾಂಟ್ ನಮ್ಮದೇ, ಲೋಗೋ ನಮ್ಮದೇ, ಎರಡು ಕಾಲಂ ಮಾತ್ರ ಎಡಗೋಡೆಗೆ. ಎಲ್ಲ ಪೂರ್ತಿ ಕೆಟ್ಟಿದ್ರೆ ಯಾರಾದ್ರೂ ಮೊದಲೇ ಹಿಡೀತಿದ್ರು. ಇದು ಅರ್ಧಂಬರ್ಧ ಕೆಡುತ್ತೆ, ಅದೂ ಹೆಸರು ಬದಲಾದ ಲೇಔಟಿನ ಸ್ಲೈಡಲ್ಲಿ ಮಾತ್ರ.

ಆ ಸ್ಲೈಡ್ ಪರದೆ ಮೇಲೆ ಬಂತು. ಎಡಕ್ಕೆ "ಹಳೆಯ ಕ್ರಮ", ಅದರ ಪಕ್ಕಕ್ಕೆ ಒತ್ತಿಕೊಂಡು "ಹೊಸ ಕ್ರಮ". ಮೇಡಂ ಜೂಮ್ ಔಟ್ ಅಂದ್ರು. ಲ್ಯಾಪ್‌ಟಾಪ್ ಹತ್ರ ಕೂತವರು ಏನೋ ಒತ್ತಿದ್ರು, ಸ್ಲೈಡ್ ಶೋ ಹೊರಗೆ ಬಂತು, ಮತ್ತೆ ಒಳಗೆ ಹೋಯ್ತು, ಮತ್ತದೇ. ಇನ್ನೊಬ್ಬರು ಎದ್ದು ಎಚ್‌ಡಿಎಂಐ ಕೇಬಲ್ ಅಲ್ಲಾಡಿಸಿದ್ರು. "ರೆಸಲ್ಯೂಶನ್ ಇರಬೇಕು ಸರ್" ಅಂತ ಹಿಂದಿನ ಸಾಲಿಂದ ಒಂದು ದನಿ. ಡಿಸ್ಪ್ಲೇ ಸೆಟ್ಟಿಂಗ್ ತೆಗೆದ್ರು, 1920 ಇದ್ದಿದ್ದನ್ನ 1366 ಮಾಡಿದ್ರು, ಪರದೆ ಕಪ್ಪಾಯ್ತು, ಮತ್ತೆ ಬಂತು, ಈಗ ಅದೇ ಎರಡು ಕಾಲಂ ಇನ್ನೂ ದಪ್ಪಗೆ. ಐಟಿ ಹುಡುಗನಿಗೆ ಫೋನ್ ಹೋಯ್ತು. ಅವನು ಬಂದು ಪ್ರೊಜೆಕ್ಟರ್ ಕೆಳಗೆ ನಿಂತು ಆಟೋ ಅಡ್ಜಸ್ಟ್ ಒತ್ತಿದ. ರೂಮಿನವರೆಲ್ಲ ತಲೆಯೆತ್ತಿ ಆ ಪ್ರೊಜೆಕ್ಟರ್ ಕಡೆಗೇ ನೋಡ್ತಿದ್ದಾರೆ, ಪಾಪ ಅದರ ತಪ್ಪು ಏನೂ ಇಲ್ಲ. ಕೊನೆಗೆ ಬಾಯಿಬಿಟ್ಟು ಹೇಳಲೇಬೇಕಾಯ್ತು: "ಪ್ರೊಜೆಕ್ಟರ್ ಸರಿಯಾಗಿದೆ ಸರ್. ಸ್ಲೈಡೇ ಹೀಗಿದೆ."

ಯಾರೂ ನಗಲಿಲ್ಲ. ನಕ್ಕಿದ್ರೂ ವಾಸಿ ಇತ್ತು. "ಮುಂದಿನ ಸಲ ಕೈಯಲ್ಲೇ ಮಾಡಿಬಿಡಿ. ಪಿಪಿಟಿ ತಾನೇ?" ಅಂತ ತುಂಬ ಮೃದುವಾಗಿ ಅಂದ್ರು ದೊಡ್ಡವರು. ಮೃದುವಾಗಿ!

ಪಿಪಿಟಿ ತಾನೇ. ಹ್ಞೂಂ ಸರ್. ನಮ್ಮ ಆಫೀಸಿನ ಕೈಪಿಡಿ ಒಂದೇ ಮಾರ್ಕ್‌ಡೌನ್ ಫೈಲಿಂದ ವರ್ಡಿಗೂ ಹೋಗುತ್ತೆ, ವೆಬ್ಬಿಗೂ ಹೋಗುತ್ತೆ, ಸ್ಲೈಡಿಗೂ ಹೋಗುತ್ತೆ. ಬರ್ಕ್ಲಿಯ ತತ್ತ್ವಶಾಸ್ತ್ರದ ಪ್ರೊಫೆಸರ್ ಜಾನ್ ಮ್ಯಾಕ್‌ಫಾರ್ಲೇನ್ ಅನ್ನೋರು 2006ರಿಂದ ಆ ಉಪಕರಣವನ್ನ ಜಗತ್ತಿಗೆ ಬಿಟ್ಟಿ ಕೊಟ್ಟಿದ್ದಾರೆ. ಸಂಬಳ ತಗೊಂಡು ಕೂತಿರೋ ಒಂದು ಇಲಾಖೆಗೆ ಏಳು ಹೆಸರು ಉಳಿಸಿಕೊಳ್ಳೋಕಾಗಲ್ಲ.

ಈಗ ಯಾರಾದ್ರೂ "ಪರಿಹಾರ ಹೇಳಿ, ಬೈಬೇಡಿ" ಅಂತಾರೆ. ತಗೊಳ್ಳಿ. ವ್ಯೂ ಮೆನುವಲ್ಲಿ ಸ್ಲೈಡ್ ಮಾಸ್ಟರ್ ತೆಗೀರಿ. ಎಡಗಡೆ ಇರೋ ಲೇಔಟ್ ಮೇಲೆ ರೈಟ್ ಕ್ಲಿಕ್ ಮಾಡಿ, ರಿನೇಮ್ ಲೇಔಟ್ ಒತ್ತಿ, ಏಳೂ ಹೆಸರನ್ನ ಇಂಗ್ಲಿಷಿನಲ್ಲಿ ಇದ್ದ ಹಾಗೇ ವಾಪಸ್ ಬರೀರಿ. ಒಂದೇ ಹೆಸರು ಎರಡು ಕಡೆ ಇದ್ರೆ ಮೊದಲು ಸಿಕ್ಕಿದ್ದನ್ನ ಪಾಂಡಾಕ್ ಎತ್ತಿಕೊಳ್ಳುತ್ತೆ, ಹಾಗಾಗಿ ಹಳೇ ನಕಲುಗಳನ್ನ ಅಳಿಸಿ. ಹೆಸರು ಸರಿಮಾಡಿದ್ರೆ ಸಾಕಾ? ಸಾಲದು. ಡಿಸೈನ್ ಮಾಡಿದವರು ಪ್ಲೇಸ್‌ಹೋಲ್ಡರ್ (ಬರಹ, ಚಿತ್ರ ತುಂಬೋಕೆ ಲೇಔಟಲ್ಲಿ ಬಿಟ್ಟಿರೋ ಪೆಟ್ಟಿಗೆ) ಕಿತ್ತು ಅಲ್ಲಿ ಮಾಮೂಲಿ ಟೆಕ್ಸ್ಟ್ ಬಾಕ್ಸ್ ಇಟ್ಟಿದ್ರೆ ಪಾಂಡಾಕ್‌ಗೆ ತುಂಬೋಕೆ ಜಾಗವೇ ಸಿಗಲ್ಲ. ಟೆಕ್ಸ್ಟ್ ಬಾಕ್ಸ್ ತೆಗೆದು ಇನ್ಸರ್ಟ್ ಪ್ಲೇಸ್‌ಹೋಲ್ಡರ್ ಇಂದ ಕಂಟೆಂಟ್ ಹಾಕಿ. ಆಮೇಲೆ ಪಾಂಡಾಕ್ ಓಡಿಸೋ ಸ್ಕ್ರಿಪ್ಟಿನಲ್ಲಿ ಫೇಲ್-ಇಫ್-ವಾರ್ನಿಂಗ್ಸ್ ಆಪ್ಷನ್ ಹಾಕಿಬಿಡಿ. ಆಗ ಒಂದೇ ಒಂದು ವಾರ್ನಿಂಗ್ ಬಂದ್ರೂ ಎಕ್ಸಿಟ್ ಕೋಡ್ 3 ಕೊಟ್ಟು ನಿಲ್ಲುತ್ತೆ, ಕೆಟ್ಟ ಸ್ಲೈಡ್ ಮೀಟಿಂಗ್‌ವರೆಗೂ ಹೋಗಲ್ಲ. ಇದನ್ನ ಟೆಂಪ್ಲೇಟ್ ಕೊಟ್ಟವರು ಒಂದು ಸಲ ಓಡಿಸಿ ನೋಡಿದ್ರೆ ಹತ್ತು ನಿಮಿಷ ಹಿಡೀತಿರಲಿಲ್ಲ.

ಇಷ್ಟೆಲ್ಲ ಮಾಡಿದಮೇಲೂ ಪಾಂಡಾಕ್ ನೆಟ್ಟಗಿರುತ್ತೆ ಅಂದ್ಕೊಂಡ್ರಾ? ಒಂದು ಹೆಡಿಂಗ್ ಕೆಳಗೆ "ಈ ಭಾಗದಲ್ಲಿ ನೋಂದಣಿಯ ಹಂತಗಳಿವೆ" ಅಂತ ಯಾರೋ ಉತ್ಸಾಹಿ ಒಂದು ಸಾಲು ಸೇರಿಸ್ತಾರೆ. ಹೆಡಿಂಗ್ ಆದ ತಕ್ಷಣ ಬರಹ ಎಲ್ಲಿ ಬರುತ್ತೋ, ಅಂಥವುಗಳಲ್ಲಿ ಎಲ್ಲಕ್ಕಿಂತ ಮೇಲಿನ ಮಟ್ಟವನ್ನೇ ಪಾಂಡಾಕ್ ಸ್ಲೈಡ್ ಲೆವೆಲ್ ಅಂತ ಲೆಕ್ಕ ಹಾಕೋದು. ಆ ಒಂದು ಸಾಲಿನಿಂದ ಲೆವೆಲ್ 2 ಇದ್ದದ್ದು 1 ಆಗಿ, ಬಿಡಿಬಿಡಿಯಾಗಿದ್ದ ಸ್ಲೈಡೆಲ್ಲ ಒಂದರೊಳಗೆ ಕುಸಿದು ಬೀಳುತ್ತೆ. ಅದಕ್ಕೇ ಸ್ಲೈಡ್-ಲೆವೆಲ್ 2 ಅಂತ ನೀವೇ ಕೊಟ್ಟುಬಿಡಿ, ಊಹೆ ಮಾಡೋಕೆ ಬಿಡಬೇಡಿ. ರೆಫರೆನ್ಸ್-ಡಾಕ್ (ಯಾವ ಟೆಂಪ್ಲೇಟ್ ಬಳಸಬೇಕು ಅನ್ನೋ ಆಪ್ಷನ್), ಸ್ಲೈಡ್-ಲೆವೆಲ್, ವಾರ್ನಿಂಗಿನ ಆಪ್ಷನ್ ಎಲ್ಲ ಒಂದು ಡೀಫಾಲ್ಟ್ಸ್ ಫೈಲಲ್ಲಿ ಬರೆದಿಟ್ಟು ಅದನ್ನೇ ಎಲ್ಲರಿಗೂ ಹಂಚಿ.

ಚಿತ್ರದ ಕಥೆ ಇನ್ನೊಂದು. ಮೂರು ಸಾಲು ಬರೆದು, ಕೆಳಗೆ ಸ್ಕ್ರೀನ್‌ಶಾಟ್ ಹಾಕಿ, ಅದರ ಕೆಳಗೆ "ಇಲ್ಲಿ ಸಲ್ಲಿಸಿ ಬಟನ್ ಒತ್ತಿ" ಅಂತ ಬರೆದ್ರೆ, ಮೂರು ಸಾಲು ಸಣ್ಣಕ್ಷರದಲ್ಲಿ ಪಕ್ಕಕ್ಕೆ ಹೋಗುತ್ತೆ, ಚಿತ್ರ ಇನ್ನೊಂದು ಪಕ್ಕ, ಕೊನೆಯ ಸಾಲು ಮುಂದಿನ ಸ್ಲೈಡಲ್ಲಿ ಒಂಟಿಯಾಗಿ. ಬಟನ್ ಒಂದು ಸ್ಲೈಡಲ್ಲಿ, ಒತ್ತಿ ಅನ್ನೋದು ಇನ್ನೊಂದರಲ್ಲಿ. ಮಾರ್ಕ್‌ಡೌನ್‌ನಲ್ಲಿ ಎರಡು ಕಾಲಂ ಡಿವ್ (ಗುರುತು ಹಾಕಿ ಬೇರ್ಪಡಿಸಿದ ಭಾಗ) ಮಾಡಿ, ಬರಹ ಎಲ್ಲ ಎಡಕ್ಕೆ, ಚಿತ್ರ ಬಲಕ್ಕೆ ಹಾಕಿದ್ರೆ ಎಲ್ಲ ಒಟ್ಟಿಗಿರುತ್ತೆ. ಆದ್ರೆ ಕಾಲಂಗೆ 40 ಪರ್ಸೆಂಟ್, 60 ಪರ್ಸೆಂಟ್ ಅಂತ ಅಗಲ ಕೊಟ್ಟು ಕೂರಬೇಡಿ, ಪವರ್‌ಪಾಯಿಂಟ್ ಔಟ್‌ಪುಟ್‌ಗೆ ಅದು ನಡೆಯಲ್ಲ ಅಂತ ಪಾಂಡಾಕ್‌ನ ಕೈಪಿಡಿಯಲ್ಲೇ ಬರೆದಿದ್ದಾರೆ. ಅಗಲ ಬದಲಾಗಬೇಕಾದ್ರೆ ಟೂ ಕಂಟೆಂಟ್ ಲೇಔಟಲ್ಲೇ ಪೆಟ್ಟಿಗೆ ಎಳೀಬೇಕು. ಮೂರು ಚುಕ್ಕಿ ಇಟ್ಟು ಸ್ಲೈಡನ್ನ ನಡುವೆ ನಿಲ್ಲಿಸೋ ಪಾಝ್ ಕೂಡ ಇಲ್ಲಿ ಕೆಲಸ ಮಾಡಲ್ಲ. ಪಟ್ಟಿ ಒಂದೊಂದಾಗಿ ಬರಬೇಕಾದ್ರೆ ಇನ್‌ಕ್ರಿಮೆಂಟಲ್ ಡಿವ್ ಹಾಕಿ.

ಇನ್ನು ಕನ್ನಡ. ಇದನ್ನ ಬರೆಯೋವಾಗ ಮತ್ತೆ ಬಿಪಿ ಏರ್ತಿದೆ. ಮೊದಲನೆಯದು, ಇಂದಿಗೂ ನುಡಿ ತಂತ್ರಾಂಶದ ಹಳೇ ಆಸ್ಕಿ ಎನ್‌ಕೋಡಿಂಗಲ್ಲಿ ಟೈಪ್ ಮಾಡಿದ ಫೈಲ್ ಕಳಿಸ್ತಾರೆ. ಪಾಂಡಾಕ್‌ಗೆ ಬೇಕಾಗಿರೋದು ಯುಟಿಎಫ್-8. ಆಸ್ಕಿ ಕೊಟ್ರೆ ಸ್ಲೈಡ್ ತುಂಬ ಇಂಗ್ಲಿಷ್ ಅಕ್ಷರದ ಕಸ. ಮೊದಲು ಯೂನಿಕೋಡಿಗೆ ಬದಲಾಯಿಸಿ, ಆಮೇಲೆ ಬನ್ನಿ. ಎರಡನೆಯದು, ಬ್ರ್ಯಾಂಡ್ ಫಾಂಟ್ ಬದಲಾಯಿಸಿದ್ದೀವಿ ಅಂತ ಮೀಸೆ ತಿರುವಿದ್ರಲ್ಲ, ನೀವು ಬದಲಾಯಿಸಿದ್ದು ಲ್ಯಾಟಿನ್ ಫಾಂಟ್ ಮಾತ್ರ. ಥೀಮ್ ಒಳಗೆ ಪ್ರತಿ ಲಿಪಿಗೂ ಬೇರೆ ಬೇರೆ ಸಾಲಿದೆ, ಕನ್ನಡದ ಸಾಲಲ್ಲಿ ಆಫೀಸ್ ಥೀಮಿನ ತುಂಗಾ ಫಾಂಟ್ ಹಾಗೇ ಕೂತಿದೆ. ಇಂಗ್ಲಿಷ್ ಹೆಡಿಂಗ್ ದಪ್ಪಗೆ ಮಿಂಚುತ್ತೆ, ಪಕ್ಕದಲ್ಲೇ ಕನ್ನಡ ಕಡ್ಡಿಯಂಗೆ.

ಇದನ್ನ ಸರಿಮಾಡೋಕೆ ಪಿಪಿಟಿಎಕ್ಸ್ ಫೈಲನ್ನ ಅನ್‌ಜಿಪ್ ಮಾಡಿ, ಪಿಪಿಟಿ ಫೋಲ್ಡರ್ ಒಳಗಿನ ಥೀಮ್ ಫೋಲ್ಡರಿನಲ್ಲಿ ಥೀಮ್1 ಎಕ್ಸ್‌ಎಂಎಲ್ ತೆಗೀರಿ. ಮೇಜರ್ ಫಾಂಟ್, ಮೈನರ್ ಫಾಂಟ್ ಎರಡರಲ್ಲೂ ಸಿಎಸ್ (ಕಾಂಪ್ಲೆಕ್ಸ್ ಸ್ಕ್ರಿಪ್ಟ್) ಅನ್ನೋ ಸಾಲು ಖಾಲಿ ಇರುತ್ತೆ, ಅಲ್ಲಿ ನೋಟೋ ಸ್ಯಾನ್ಸ್ ಕನ್ನಡವೋ ನಿರ್ಮಲಾ ಯುಐಯೋ ಬರೀರಿ. ತುಂಗಾ ಇರೋ ಸಾಲಲ್ಲೂ ಅದನ್ನೇ ಬರೀರಿ. ವಾಪಸ್ ಜಿಪ್ ಮಾಡೋವಾಗ ಫೋಲ್ಡರಿನ ಒಳಗೆ ಹೋಗಿ ಒಳಗಿನ ಫೈಲುಗಳನ್ನ ಜಿಪ್ ಮಾಡಬೇಕು. ಹೊರಗಿನ ಫೋಲ್ಡರನ್ನೇ ಜಿಪ್ ಮಾಡಿದ್ರೆ ಪವರ್‌ಪಾಯಿಂಟ್ ಬಾಗಿಲಲ್ಲೇ ತಡೆಯುತ್ತೆ. ಕೋಡ್ ಬ್ಲಾಕಿಗೆ ಮಾನೋಫಾಂಟ್ ಅನ್ನೋ ವೇರಿಯೇಬಲ್ ಇದೆ, ಆದ್ರೆ ಅದೂ ಲ್ಯಾಟಿನ್ನಿಗೇ, ಕೋಡ್ ಒಳಗಿನ ಕನ್ನಡ ಕಾಮೆಂಟಿಗೆ ಅದು ತಾಗಲ್ಲ. ಆ ಫಾಂಟ್ ಇಲ್ಲದ ಇನ್ನೊಬ್ಬರ ಲ್ಯಾಪ್‌ಟಾಪಲ್ಲಿ ತೋರಿಸೋದಾದ್ರೆ ಪಿಡಿಎಫ್ ಮಾಡಿಕೊಂಡು ಹೋಗಿ, ವಾದ ಬೇಡ.

ಬಿಡಿ, ಯಾರಿಗೆ ಹೇಳಿ ಏನು ಪ್ರಯೋಜನ. ಆಫೀಸಲ್ಲಿ "ಪಾಂಡಾಕ್ ಪಂಡಿತರು" ಅಂತ ಒಂದು ಬಿರುದು ಬೇರೆ ಇದೆ. "ಪಿಪಿಟಿ ಯಾರಾದ್ರೂ ಕೈಯಲ್ಲಿ ಮಾಡ್ತಾರೇನ್ರೀ ಈ ಕಾಲದಲ್ಲಿ" ಅಂತ ಕ್ಯಾಂಟೀನಲ್ಲಿ ಪ್ರವಚನ ಕೊಟ್ಟ ಮಹಾನುಭಾವರಿಗೆ ಶಾಲು ಹೊದಿಸಿ, ಹಾರ ಹಾಕಿ, ಆ ಬಲಗಡೆಯ ಖಾಲಿ ಜಾಗದಲ್ಲೇ ಒಂದು ಕುರ್ಚಿ ಹಾಕಿ ಕೂರಿಸಬೇಕು. ಜಾಗ ಧಾರಾಳವಾಗಿದೆ. ನಾಳೆಯಿಂದ ಎಲ್ಲ ಕೈಯಲ್ಲೇ. ಎಳೀತೀನಿ, ಅಂಟಿಸ್ತೀನಿ, ಫಾರ್ಮ್ಯಾಟ್ ಪೇಂಟರ್ ಹಿಡಿದು ಬಣ್ಣ ಬಳೀತೀನಿ.

ಇಲ್ಲ, ಆಗಲ್ಲ. ಕೈಪಿಡಿಯಲ್ಲಿ ಒಂದು ಶುಲ್ಕ ಬದಲಾದ್ರೆ ಮೂರು ಕಡೆ ತಿದ್ದಬೇಕು, ಒಂದು ಕಡೆ ಬಿಟ್ಟುಹೋಗುತ್ತೆ, ಆಗಲೂ ಇದೇ ಮೃದುವಾದ ದನಿ ಕೇಳಬೇಕು. ಪಾಂಡಾಕೇ ಇರಲಿ.

ಆದ್ರೆ ಉತ್ತರ ಬೇಕು. ಯಾರಾದ್ರೂ ಕೊಡಿ. ಡಿಸೈನ್‌ನವರೇ, ಲೇಔಟ್ ಹೆಸರು ಸ್ಲೈಡ್ ಶೋದಲ್ಲಿ ಯಾರಿಗೂ ಕಾಣಲ್ಲ. ಯಾರಿಗೂ ಕಾಣದ ಜಾಗದಲ್ಲಿ "ಬ್ರ್ಯಾಂಡ್ ಡಬಲ್ 02" ಅಂತ ಬರೆದು ಯಾವ ಬ್ರ್ಯಾಂಡ್ ಕಾಪಾಡಿದ್ರಿ? ಪ್ರಶ್ನೆ ವ್ಯಂಗ್ಯಕ್ಕೆ ಕೇಳ್ತಿಲ್ಲ, ನಿಜಕ್ಕೂ ತಿಳ್ಕೋಬೇಕು.

ಇನ್ನೊಂದು ಉತ್ತರ ಬೇಕಾಗಿರೋದು ಬಲ್ಲವರಿಂದ. ಟೇಬಲ್. ಪಾಂಡಾಕ್ ಉದ್ದದ ಟೇಬಲನ್ನ ಸ್ಲೈಡುಗಳಿಗೆ ಒಡೆಯಲ್ಲ. 18 ಪಾಯಿಂಟ್ ಅಕ್ಷರದ ಒಂದು ಸಾಲು ಅಂದ್ರೆ ಮಾರ್ಜಿನ್ ಸೇರಿ ಸುಮಾರು 0.4 ಇಂಚು. 20 ಸಾಲಿನ ಶುಲ್ಕದ ಪಟ್ಟಿ ಅಂದ್ರೆ 8 ಇಂಚು, ಸ್ಲೈಡಿನ ಎತ್ತರವೇ 7.5. ಒತ್ತಕ್ಷರಕ್ಕೆ ಜಾಗ ಬೇಕಾದ್ದರಿಂದ ಕನ್ನಡ ಫಾಂಟಿನ ಸಾಲು ಇನ್ನೂ ಎತ್ತರ. ಟೇಬಲ್ ಹಾಗಿರಲಿ, ಮಾಮೂಲಿ ಬರಹ ತುಂಬಿ ತುಳುಕಿದಾಗಲೂ ಅಕ್ಷರವನ್ನ ತಾನಾಗಿ ಚಿಕ್ಕದು ಮಾಡೋ ಆಟೋಫಿಟ್ ನಂಬಬೇಡಿ. ಪಾಂಡಾಕ್ ಅದರ ಲೆಕ್ಕ ಮಾಡಲ್ಲ, ಪವರ್‌ಪಾಯಿಂಟ್ ಲೆಕ್ಕ ಮಾಡೋದು ಆ ಪೆಟ್ಟಿಗೆಯಲ್ಲಿ ಯಾರಾದ್ರೂ ತಿದ್ದಿದಾಗ. ಸದ್ಯಕ್ಕೆ ಟೇಬಲ್ ಸ್ಲೈಡಿಗೆ ಹತ್ತು ಸಾಲು ಮೀರದ ಹಾಗೆ ಮೂಲದಲ್ಲೇ ಕತ್ತರಿಸಿ, ಹೆಡಿಂಗ್ ಮತ್ತೆ ಬರೆದು ನಡೆಸ್ತಿರೋದು. ಅದರಿಂದ ವರ್ಡ್ ಫೈಲಲ್ಲೂ ಟೇಬಲ್ ತುಂಡು ತುಂಡಾಗುತ್ತೆ. ಪಿಪಿಟಿಎಕ್ಸ್ ಆದಾಗ ಮಾತ್ರ ಟೇಬಲ್ ಒಡೆದು, ತಲೆಸಾಲನ್ನ ಪ್ರತಿ ಸ್ಲೈಡಿಗೂ ಹಾಕೋ ಲುವಾ ಫಿಲ್ಟರ್ (ಪಾಂಡಾಕ್ ಓಡುವಾಗ ಬರಹ ಬದಲಾಯಿಸೋ ಸಣ್ಣ ಸ್ಕ್ರಿಪ್ಟ್) ಯಾರ ಹತ್ರ ಇದ್ರೂ ಕಳಿಸಿ. ರೋ-ಸ್ಪ್ಯಾನ್ ಇರೋ, ಅಂದ್ರೆ ಒಂದೇ ಕೋಶ ಹಲವು ಸಾಲಿಗೆ ಹರಡಿರೋ ಸಾಲನ್ನ ನಡುಮಧ್ಯೆ ಕತ್ತರಿಸಬಾರದು. "ಫಾಂಟ್ ಸೈಜ್ 8 ಮಾಡಿ" ಅನ್ನೋರು ದಯವಿಟ್ಟು ಬರಬೇಡಿ.