ಹನ್ನೊಂದು ಮೂವತ್ತೈದರ ಜೋಡಾಟ

2025ರ ಸೆಪ್ಟೆಂಬರ್ 23ರ ಮಂಗಳವಾರ ರಾತ್ರಿ, ಎಬಿಸಿ ಚಾನೆಲಿನ ತಡರಾತ್ರಿಯ ಹಾಸ್ಯ ಕಾರ್ಯಕ್ರಮದ ನಿರೂಪಕ ಜಿಮ್ಮಿ ಕಿಮ್ಮಲ್ ತನ್ನ ಅಮಾನತು ಮುಗಿಸಿ ವೇದಿಕೆಗೆ ಮರಳಿದ್ದನ್ನು ಅಮೆರಿಕದಲ್ಲಿ 62 ಲಕ್ಷಕ್ಕೂ ಹೆಚ್ಚು ಜನ ಟಿವಿಯಲ್ಲಿ ನೋಡಿದರಂತೆ. ಅವರಲ್ಲಿ ನಾನಿರಲಿಲ್ಲ. ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಟಿವಿ ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡುತ್ತಿತ್ತು; ಅದರಿಂದ ಎಂಟು ಅಡಿ ದೂರದಲ್ಲಿ ನಾನು ರಿಮೋಟನ್ನು ಎದೆಯ ಮೇಲಿಟ್ಟುಕೊಂಡು, ಬಾಯಿ ತೆರೆದು ನಿದ್ರಿಸುತ್ತಿದ್ದೆ. ಹೀಗಾಗಬಹುದೆಂಬ ಅನುಮಾನದಿಂದಲೇ ಹನ್ನೊಂದೂವರೆಗೆ ಫೋನಿನಲ್ಲಿ ಅಲಾರಂ ಇಟ್ಟಿದ್ದೆ. ಅದು ಬಡಿಯಲಿಲ್ಲ. ಬಡಿದದ್ದು ಮರುದಿನ ಬೆಳಿಗ್ಗೆ ಹನ್ನೊಂದೂವರೆಗೆ, ಕಚೇರಿಯ ಮೀಟಿಂಗಿನಲ್ಲಿ, ನಮ್ಮ ಕೆಲಸ ಏಕೆ ತಡವಾಗಿದೆಯೆಂದು ಮೇಲಧಿಕಾರಿ ಎಲ್ಲರನ್ನೂ ಕೇಳುತ್ತಿದ್ದ ಹೊತ್ತಿನಲ್ಲಿ. ಊರಿನ ನೆನಪಿಗೆಂದು ನಾನು ಅಲಾರಮ್ಮಿಗೆ ಇಟ್ಟುಕೊಂಡಿರುವುದು ಚೆಂಡೆಯ ಪೆಟ್ಟು. ಯಕ್ಷಗಾನದಲ್ಲಿ ರಾಕ್ಷಸನ ಪ್ರವೇಶಕ್ಕೆ ಬಾರಿಸುವ ಆ ಪೆಟ್ಟನ್ನು ಕೇಳಿ ಹನ್ನೊಂದು ಮಂದಿ ಬೆಚ್ಚಿಬಿದ್ದರು.

ಇಲ್ಲಿರುವ ನಮ್ಮವರಿಗೆ ಈ ದಿನಚರಿಯನ್ನು ವಿವರಿಸಬೇಕಾಗಿಲ್ಲ. ಊಟ ಮುಗಿದು, ಪಾತ್ರೆಗಳು ಡಿಶ್‌ವಾಶರಿಗೆ ಹೋಗಿ, ನಾಳೆಯ ಡಬ್ಬಿಗೆ ಚಿತ್ರಾನ್ನ ತುಂಬಿ, ಹನ್ನೊಂದಕ್ಕೆ ಸ್ಥಳೀಯ ವಾರ್ತೆ ಶುರುವಾಗುತ್ತದೆ. ವಾರ್ತೆಯಲ್ಲಿ ಒಂದು ಮನೆಗೆ ಬೆಂಕಿ ಬಿದ್ದಿರುತ್ತದೆ, ಒಂದು ಹೆದ್ದಾರಿ ಮುಚ್ಚಿರುತ್ತದೆ, ಆಮೇಲೆ ಹವಾಮಾನದವನು ನಕ್ಷೆಯ ಮುಂದೆ ನಿಂತು ಕೈ ಆಡಿಸತೊಡಗುತ್ತಾನೆ. ನನ್ನ ಪಾಲಿಗೆ ಆ ಕೈ ಜೋಗುಳ ಹಾಡುವ ಕೈ. ಇದೆಲ್ಲ ಮುಗಿದು ಹನ್ನೊಂದು ಮೂವತ್ತೈದಕ್ಕೆ ಎನ್‌ಬಿಸಿ, ಸಿಬಿಎಸ್, ಎಬಿಸಿ ಮೂರು ಚಾನೆಲುಗಳಲ್ಲೂ ಏಕಕಾಲಕ್ಕೆ ಒಬ್ಬೊಬ್ಬ ಸೂಟುಧಾರಿ ಪರದೆ ಸರಿಸಿಕೊಂಡು ಹೊರಬಂದು ಅಂದಿನ ಸುದ್ದಿಯನ್ನು ಲೇವಡಿ ಮಾಡುತ್ತಿದ್ದ, ಮೇಜಿನ ಹಿಂದೆ ಕುಳಿತು ಸಿನಿಮಾದವರನ್ನು ಮಾತನಾಡಿಸುತ್ತಿದ್ದ. (ಇವರನ್ನೆಲ್ಲ ಏಕವಚನದಲ್ಲೇ ಕರೆಯುತ್ತಿದ್ದೇನೆ. ಸುಮಾರು ಮೂವತ್ತು ವರ್ಷ ಮಲಗುವ ಮುನ್ನ ಕೊನೆಯದಾಗಿ ಕಂಡ ಮುಖಗಳಿಗೆ ಈಗ ಬಹುವಚನ ಹಚ್ಚಿದರೆ ನಾಲಗೆಗೆ ಒಗ್ಗುವುದಿಲ್ಲ.)

ನಮ್ಮ ಕರಾವಳಿಯಲ್ಲಿ ಇದಕ್ಕೆ ಜೋಡಾಟವೆಂಬ ಒಳ್ಳೆಯ ಹೆಸರಿದೆ. ಒಂದೇ ಬಯಲಿನಲ್ಲಿ ಅಕ್ಕಪಕ್ಕ ಎರಡು ರಂಗಸ್ಥಳ ಕಟ್ಟಿ, ಎರಡು ಮೇಳಗಳಿಂದ ಒಂದೇ ರಾತ್ರಿ ಆಟ ಆಡಿಸಿದಾಗ ಯಾವ ಕಡೆ ಜನ ಹೆಚ್ಚು ಕುಳಿತರು, ಯಾರ ವೇಷ ಗೆದ್ದಿತು ಎಂಬ ವಾದ ಮುಂದಿನ ಮಳೆಗಾಲದವರೆಗೂ ಚಹಾದ ಅಂಗಡಿಗಳಲ್ಲಿ ನಡೆಯುತ್ತಿತ್ತು. ಅಮೆರಿಕದಲ್ಲಿ ಆ ವಾದವನ್ನು ನಡೆಸಲು ನನಗೆ ಸಿಕ್ಕಿರುವುದು ನನ್ನ ಷಡ್ಡಕ.

ಜಾನಿ ಕಾರ್ಸನ್ ಮೂವತ್ತು ವರ್ಷ ಆಳಿದ, ಎನ್‌ಬಿಸಿಯ 'ಟುನೈಟ್ ಶೋ'ವಿನ ಪೀಠವನ್ನು 1992ರ ಮೇ ತಿಂಗಳಿನಲ್ಲಿ ಬಿಟ್ಟುಕೊಟ್ಟಾಗ ಅದು ತನಗೇ ಬರುತ್ತದೆಂದು ನಂಬಿದ್ದವನು, ಅದೇ ಎನ್‌ಬಿಸಿಯಲ್ಲಿ 1982ರಿಂದ ಕಾರ್ಸನ್ನನ ಬೆನ್ನಿಗೇ ಕಾರ್ಯಕ್ರಮ ನಡೆಸುತ್ತಿದ್ದ ಡೇವಿಡ್ ಲೆಟರ್‌ಮನ್. ಬಂದದ್ದು ಜೇ ಲೆನೋಗೆ. ಲೆಟರ್‌ಮನ್ ಮುನಿಸಿಕೊಂಡು 1993ರ ಆಗಸ್ಟಿನಲ್ಲಿ ಸಿಬಿಎಸ್ಸಿಗೆ ಹೋಗಿ, ಬ್ರಾಡ್‌ವೇಯ ಎಡ್ ಸಲ್ಲಿವನ್ ಥಿಯೇಟರಿನಲ್ಲಿ ಎದುರು ರಂಗಸ್ಥಳ ಕಟ್ಟಿದ. ಮೊದಲೆರಡು ವರ್ಷ ಅವನದೇ ಮೇಲುಗೈ. 1995ರ ಜುಲೈಯಲ್ಲಿ, ಆಗಷ್ಟೇ ಪೊಲೀಸರ ಕೈಗೆ ಸಿಕ್ಕಿ ಬಂದಿದ್ದ ನಟ ಹ್ಯೂ ಗ್ರಾಂಟ್ ಲೆನೋನ ಎದುರು ಕುಳಿತ ರಾತ್ರಿಯಿಂದ ಗಾಳಿ ತಿರುಗಿತು. ನಾನು ಈ ದೇಶಕ್ಕೆ ಬಂದದ್ದು 1996ರಲ್ಲಿ. ಸೋಲುತ್ತಿರುವ ಪಕ್ಷವನ್ನೇ ಹುಡುಕಿ ಸೇರುವ ನನ್ನ ಜಾತಕಬಲದಿಂದ ಲೆಟರ್‌ಮನ್ನನ ಕಡೆಯವನಾದೆ. ಷಡ್ಡಕ ನನಗಿಂತ ನಾಲ್ಕು ವರ್ಷ ಮೊದಲೇ ಬಂದು ಲೆನೋನ ಕಡೆ ಸೇರಿದ್ದ. ಲೆಟರ್‌ಮನ್ನನ ಕುರ್ಚಿಗೆ 2015ರಲ್ಲಿ ಸ್ಟೀಫನ್ ಕೋಲ್ಬೇರ್ ಬಂದುದರಿಂದ ನನ್ನ ನಿಷ್ಠೆ ಅವನಿಗೆ ವರ್ಗವಾಯಿತು; ಲೆನೋನ ಕುರ್ಚಿಗೆ 2014ರಲ್ಲಿ ಜಿಮ್ಮಿ ಫ್ಯಾಲನ್ ಬಂದುದರಿಂದ ಷಡ್ಡಕನದು ಅವನಿಗೆ. ಇಬ್ಬರಿಗೂ ಇದು ದೇವಸ್ಥಾನದ ಮೊಕ್ತೇಸರಿಕೆಯಂತೆ ವಂಶಪಾರಂಪರ್ಯವಾಗಿ ಬಂದದ್ದು. ನನ್ನ ಹೆಂಡತಿ ಕಿಮ್ಮಲ್ಲನ ಪಕ್ಷ: 2017ರಲ್ಲಿ ತನ್ನ ಹಸುಗೂಸಿನ ಹೃದಯದ ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳುತ್ತ ಅವನು ವೇದಿಕೆಯಲ್ಲೇ ಅತ್ತನಲ್ಲ, ಅಂದಿನಿಂದ. ಅವಳ ತಂಗಿ, ಷಡ್ಡಕನ ಹೆಂಡತಿ, ಒಂಬತ್ತೂವರೆಗೆ ಮಲಗುತ್ತಾಳೆ; ನಾಲ್ವರಲ್ಲಿ ರಕ್ತದೊತ್ತಡ ಸರಿಯಾಗಿರುವುದು ಅವಳೊಬ್ಬಳದೇ.

ಷಡ್ಡಕನಿಗೆ ಯಾರ ಪಕ್ಷವಾದರೂ ಇರಲಿ, ನನ್ನ ತಕರಾರು ಅದಲ್ಲ. ಅವನು ರಾತ್ರಿ ಕೇಳಿದ ಹಾಸ್ಯವನ್ನು ಬೆಳಿಗ್ಗೆ ಫೋನಿನಲ್ಲಿ ನನಗೆ ಹೇಳುತ್ತಾನೆ. ಕನ್ನಡಕ್ಕೆ ತಂದು ಹೇಳುತ್ತಾನೆ. ಕಚೇರಿಗೆ ಕಾರಿನಲ್ಲಿ ಹೋಗುವ ನಲವತ್ತು ನಿಮಿಷವನ್ನು ಅವನು ಈ ಲೋಕಸೇವೆಗೆ ಮೀಸಲಿಟ್ಟಿದ್ದಾನೆ. ಮೊದಲ ವಾಕ್ಯಕ್ಕೇ ಹಾಸ್ಯದ ಕೊನೆಯನ್ನು ಹೇಳಿಬಿಡುತ್ತಾನೆ, ಏಕೆಂದರೆ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ ಅವನಿಗಿಲ್ಲ. ಹೇಳಿ ಒಬ್ಬನೇ ನಗುತ್ತಾನೆ. ನಾನು ನಗದಿದ್ದರೆ, "ಇರಿ ಭಾವಾ, ಅದಕ್ಕೆ ಮೊದಲು ಒಂದು ಹೇಳಬೇಕಿತ್ತು" ಎಂದು ಹಿಂದಕ್ಕೆ ಹೋಗುತ್ತಾನೆ. ಅಲ್ಲಿಂದ ಇನ್ನೂ ಹಿಂದಕ್ಕೆ. ಒಂದು ಸಲ ತೆರಿಗೆ ಇಲಾಖೆಯ ಕುರಿತಾದ ಹಾಸ್ಯವೊಂದನ್ನು ಆರಂಭಿಸಿದವನು, "ಅದರಲ್ಲಿ ಒಂದು ನಾಯಿ ಬರುತ್ತದೆ, ನಾಯಿ ಮುಖ್ಯವಲ್ಲ" ಎಂದ. ಸ್ವಲ್ಪ ಹೊತ್ತಿನ ಮೇಲೆ, "ತಪ್ಪಿದೆ, ನಾಯಿಯೇ ಮುಖ್ಯ, ನಾಯಿಯಿಂದ ಶುರು ಮಾಡುತ್ತೇನೆ" ಎಂದ. ನಾಯಿಯ ಜಾತಿ ಯಾವುದೆಂಬಲ್ಲಿ ಅವನಿಗೆ ಮರೆವು ಬಂತು. ಜಾತಿ ಗೊತ್ತಾಗದೆ ಹಾಸ್ಯ ನಿಲ್ಲುವುದಿಲ್ಲವಂತೆ. ಅದನ್ನು ನೆನಪಿಸಿಕೊಳ್ಳುವ ಪ್ರಯತ್ನದಲ್ಲಿ ಟೋಲ್ ಗೇಟ್ ಬಂತು, ಸುರಂಗ ಬಂತು, ಫೋನು ಕಡಿಯಿತು. ಇದು ನಡೆದದ್ದು ಲೆನೋನ ಕಾಲದಲ್ಲಿ. ಲೆನೋ 2014ರಲ್ಲೇ ಆ ಪೀಠ ಬಿಟ್ಟ. ಆ ನಾಯಿ ತೆರಿಗೆ ಇಲಾಖೆಯಲ್ಲಿ ಏನು ಮಾಡಿತೆಂಬುದು ನನಗೆ ಇಂದಿಗೂ ಗೊತ್ತಿಲ್ಲ, ಮತ್ತು ನಾಚಿಕೆಯ ವಿಷಯವೆಂದರೆ, ಕೆಲವು ರಾತ್ರಿ ಅದರ ಯೋಚನೆ ಬರುತ್ತದೆ.

ಹಾಗೆ ನೋಡಿದರೆ ಲೆನೋನ ಹಾಸ್ಯದಲ್ಲಿ ಹೀಗೆ ಕಳೆದುಹೋಗುವಂಥದ್ದು ಏನೂ ಇರಲಿಲ್ಲ. ಅವನದು ಜಾತ್ರೆಯ ಬಳೆ ಅಂಗಡಿಯಂಥ ವ್ಯವಹಾರ: ಎಲ್ಲ ಕೈಗೂ ಹೊಂದುವ ಮಾಲು, ಸಾಲುಸಾಲಾಗಿ, ಬೇಗ ಬೇಗ. ಲೆಟರ್‌ಮನ್ ಮಾತ್ರ ತನ್ನ ಅಂಗಡಿಯ ಮುಂದೆ ತಾನೇ ನಿಂತು ಇಲ್ಲಿ ಸಿಗುವ ಯಾವುದೂ ಚೆನ್ನಾಗಿಲ್ಲವೆಂದು ಗಿರಾಕಿಗೆ ಹೇಳುವ ಜಾತಿಯವನು. ಹಾಸ್ಯ ಬಿದ್ದುಹೋದರೆ ಅದನ್ನೇ ಎತ್ತಿಕೊಂಡು ಐದು ನಿಮಿಷ ಆಡಿಸುತ್ತಿದ್ದ, ಪ್ರಶ್ನೆಗಳ ಕಾರ್ಡನ್ನು ಬೆನ್ನ ಹಿಂದಿನ ಕಿಟಕಿಗೆ ಎಸೆಯುತ್ತಿದ್ದ, ಸಂಬಳ ಕೊಡುವ ಕಂಪನಿಯನ್ನೇ ಬೈಯುತ್ತಿದ್ದ. ಇದನ್ನು ಹೇಳಿದಾಗಲೆಲ್ಲ ಷಡ್ಡಕ, "ಹಾಗಾದರೆ ಜನ ಯಾಕೆ ನಮ್ಮವನನ್ನೇ ನೋಡಿದರು?" ಎಂದು ಕೇಳುತ್ತಾನೆ. ನಿಮ್ಮವನು ಕೆಲಸ ಉಳಿಸಿಕೊಳ್ಳಲು ಎನ್‌ಬಿಸಿಯ ಒಂದು ಸಣ್ಣ ಕೋಣೆಯಲ್ಲಿ ಅಡಗಿ ಅಧಿಕಾರಿಗಳ ಫೋನ್ ಮಾತುಕತೆಯನ್ನು ಕದ್ದು ಕೇಳಿದನಲ್ಲವೇ, ಅದನ್ನು ಅವನೇ ಒಪ್ಪಿಕೊಂಡಿದ್ದಾನಲ್ಲವೇ, ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. "ಕೆಲಸದ ಮೇಲೆ ಅಷ್ಟು ಶ್ರದ್ಧೆ" ಎನ್ನುತ್ತಾನೆ.

2010ರ ಜನವರಿಯಲ್ಲಿ ಈ ಶ್ರದ್ಧೆ ವಿಪರೀತಕ್ಕೆ ಹೋಯಿತು. ಲೆನೋ ಹಿಂದಿನ ವರ್ಷ ಪೀಠವನ್ನು ಕೋನನ್ ಓಬ್ರಾಯನ್ನನಿಗೆ ಬಿಟ್ಟು ರಾತ್ರಿ ಹತ್ತರ ಹೊತ್ತಿಗೆ ಬೇರೊಂದು ಕಾರ್ಯಕ್ರಮ ಶುರು ಮಾಡಿದ್ದ. ಅದನ್ನು ಜನ ನೋಡದೆ ಅದರ ಬೆನ್ನಿಗೆ ಬರುವ ಸ್ಥಳೀಯ ವಾರ್ತೆಗಳೂ ಸೊರಗಿ, ಊರೂರಿನ ಕೇಂದ್ರಗಳು ಗಲಾಟೆ ಎಬ್ಬಿಸಿದವು. ಲೆನೋನನ್ನು ಮರಳಿ ಹನ್ನೊಂದು ಮೂವತ್ತೈದಕ್ಕೆ ತಂದು, 'ಟುನೈಟ್ ಶೋ'ವನ್ನು ಹನ್ನೆರಡು ಐದಕ್ಕೆ ತಳ್ಳುವುದೆಂದು ಎನ್‌ಬಿಸಿ ಹೇಳಿತು. ಹನ್ನೆರಡು ದಾಟಿದ ಮೇಲೆ ನಡೆಯುವುದು ಇಂದಿನ ರಾತ್ರಿಯ ಆಟ ಹೇಗಾದೀತು ಎಂದು ಕೋನನ್ ಒಪ್ಪಲಿಲ್ಲ; ಏಳೇ ತಿಂಗಳಲ್ಲಿ ಪೀಠ ಬಿಟ್ಟ. ಆ ಶನಿವಾರ ನಮ್ಮ ಮನೆಯ ಊಟದಲ್ಲಿ ನಾನು, "ಕೊಟ್ಟ ಕುರ್ಚಿಯನ್ನು ಮರಳಿ ಕೇಳುವವರಿಗೆ ಏನೆನ್ನಬೇಕು?" ಎಂದೆ. "ಕೂರಲು ಬಾರದವನಿಗೆ ಏನೆನ್ನಬೇಕು?" ಎಂದು ಷಡ್ಡಕ ಕೇಳಿದ. ಮಾತು ಕೋನನ್ನನಿಂದ ಹೊರಟು, ನಾನು ಅವನಿಂದ ಎರವಲು ತಂದು ಮೂರು ವರ್ಷ ಇಟ್ಟುಕೊಂಡಿದ್ದ ಡ್ರಿಲ್ಲಿಂಗ್ ಮಶೀನಿನವರೆಗೆ ಹೋಯಿತು. ಹೋಳಿಗೆ ಬಡಿಸುವ ಮೊದಲೇ ಅವನು ಎದ್ದ. ಮುಂದಿನ ತಿಂಗಳು, ಫೆಬ್ರುವರಿ 7ರ ಸೂಪರ್ ಬೌಲ್ ಪಂದ್ಯದ ನಡುವೆ ಒಂದು ಪುಟ್ಟ ಜಾಹೀರಾತು ಬಂತು. ಅದರಲ್ಲಿ ಲೆಟರ್‌ಮನ್ ಮತ್ತು ಲೆನೋ, ನಡುವೆ ಓಪ್ರಾ ವಿನ್‌ಫ್ರೀಯನ್ನು ಕೂರಿಸಿಕೊಂಡು, ಒಂದೇ ಸೋಫಾದಲ್ಲಿದ್ದರು. ಹದಿನೆಂಟು ವರ್ಷದ ವೈರಿಗಳು ಒಂದೇ ಸೋಫಾದಲ್ಲಿ ಕುಳಿತು ಎದ್ದು ಹೋದರೂ ನಾವಿಬ್ಬರು ಒಂದೇ ಊಟದ ಮೇಜಿಗೆ ಬಂದದ್ದು ಯುಗಾದಿಗೆ. ಅದೂ ಹೆಂಡಂದಿರ ನಡುವೆ ನಡೆದ ರಾಯಭಾರದಿಂದ.

ಪ್ರೇಕ್ಷಕರಲ್ಲಿ ನಿಜವಾಗಿ ನಿಷ್ಪಕ್ಷಪಾತಿಯೆಂದರೆ ನಾನು ಕಂಡಂತೆ ನನ್ನ ಅಮ್ಮ ಒಬ್ಬಳೇ. 1999ರ ಡಿಸೆಂಬರಿನಲ್ಲಿ ನನ್ನ ಹೆಂಡತಿಯ ಬಾಣಂತನಕ್ಕೆಂದು ಕುಂದಾಪುರದ ಕಡೆಯಿಂದ ಬಂದವಳು, ಹಗಲು ರಾತ್ರಿಯ ಲೆಕ್ಕವಿಲ್ಲದ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಇಂಗ್ಲಿಷಿನ ಒಂದಕ್ಷರವೂ ತಿಳಿಯದೆ ಎರಡೂ ಚಾನೆಲುಗಳನ್ನು ನೋಡುತ್ತಿದ್ದಳು. ಲೆನೋನನ್ನು ಕಂಡು, "ಇವ ಹಾಸ್ಯಗಾರ, ಜನ ಸೇರಿಸುತ್ತಾನೆ" ಎಂದಳು. ಮುಂದಿನ ಎರಡು ಹಲ್ಲುಗಳ ನಡುವೆ ಸಂದಿಯಿರುವ ಲೆಟರ್‌ಮನ್ನನನ್ನು ಸ್ವಲ್ಪ ಹೊತ್ತು ನೋಡಿ, "ಇವ ತಾಳಮದ್ದಳೆಯ ಅರ್ಥಧಾರಿ. ಕೂತು ಮಾತನಾಡುವವ. ಇವನಿಗೆ ನಿದ್ರೆ ಸರಿ ಇಲ್ಲ" ಎಂದಳು. ನಾಲ್ಕು ವರ್ಷ ನೋಡಿಯೂ ನನಗೆ ಅಷ್ಟು ಹೇಳಲಾಗಿರಲಿಲ್ಲ. ಜನವರಿಯಲ್ಲಿ ಅವನು ಕಾಣೆಯಾಗಿ ಹಳೆಯ ಸಂಚಿಕೆಗಳು ಬರತೊಡಗಿದಾಗ, "ಹಲ್ಲುಸಂದಿಯವ ಅಂಗಿ ಬದಲಿಸುವುದು ನಿಲ್ಲಿಸಿದನಾ?" ಎಂದು ಕೇಳಿದಳು. ಹೃದಯದ ದೊಡ್ಡ ಆಪರೇಷನ್ ಆಗಿದೆಯೆಂದು ಹೇಳಿದೆ. ಮರುದಿನ ಬೆಳಿಗ್ಗೆ ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಕಂಡಿತು. ಮೂಕಾಂಬಿಕೆಗೆ ಅವನ ಹೆಸರನ್ನು ಏನೆಂದು ಹೇಳಿದಳೋ ತಿಳಿಯದು. ಫೆಬ್ರುವರಿ 21ಕ್ಕೆ ಅವನು ಮರಳಿ, ತನ್ನನ್ನು ಉಳಿಸಿದ ಡಾಕ್ಟರುಗಳನ್ನೂ ನರ್ಸುಗಳನ್ನೂ ವೇದಿಕೆಗೆ ಕರೆದು ಸಾಲಾಗಿ ನಿಲ್ಲಿಸಿ ಗಂಟಲು ಕಟ್ಟಿಕೊಂಡಾಗ, "ಮನೆತನ ಒಳ್ಳೆಯದೇ" ಎಂದು ಮಗುವಿನ ಬೆನ್ನು ತಟ್ಟಿದಳು.

ಅವಳು ಊರಿಗೆ ಮರಳಿದ ಮೇಲೆ ಹನ್ನೊಂದು ಮೂವತ್ತೈದು ಎಂಬುದು ಫೋನಿನ ಹೊತ್ತಾಯಿತು. ಬೇಸಿಗೆಯಲ್ಲಿ ಆಗ ಅಲ್ಲಿ ಬೆಳಿಗ್ಗೆ ಒಂಬತ್ತು ದಾಟಿ ಐದು ನಿಮಿಷ. ದೋಸೆ ಮುಗಿದು ಅವಳು ಕೈ ಒರೆಸಿಕೊಂಡು ಬರುವ ಸಮಯ. ಮೊದಲ ಜಾಹೀರಾತಿಗೆ ಕಾಲಿಂಗ್ ಕಾರ್ಡಿನ ಉದ್ದದ ನಂಬರು ಒತ್ತುತ್ತಿದ್ದೆ. "ಹಲ್ಲುಸಂದಿಯವ ಹೇಗಿದ್ದಾನೆ?" ಎಂದು ಮೊದಲು ಕೇಳಿ, ಆಮೇಲೆ ನನ್ನ ಊಟ ಕೇಳುತ್ತಿದ್ದಳು. ಅವನು 2015ರ ಮೇ 20ರಂದು ಕೊನೆಯ ಆಟ ಆಡಿದ. ಅಮ್ಮ ಅದಕ್ಕೆ ಎರಡು ವರ್ಷ ಮೊದಲೇ ಹೋಗಿದ್ದಳು. ಈಗ ಆ ಹೊತ್ತಿಗೆ ನನ್ನ ಫೋನು ಸುಮ್ಮನಿರುತ್ತದೆ, ಅಲಾರಂ ಸೇರಿದಂತೆ.

2025ರ ಜುಲೈ 17ರಂದು, 2026ರ ಮೇ ತಿಂಗಳಿಗೆ ಕೋಲ್ಬೇರನ 'ಲೇಟ್ ಶೋ'ವನ್ನೇ ಮುಚ್ಚುವುದಾಗಿ ಸಿಬಿಎಸ್ ಘೋಷಿಸಿತು. ಕುರ್ಚಿಗೆ ಬೇರೆಯವರು ಬರುವುದಿಲ್ಲ, ಕುರ್ಚಿಯೇ ಇರುವುದಿಲ್ಲ. ಇದು ಕೇವಲ ಹಣಕಾಸಿನ ನಿರ್ಧಾರವೆಂದು ಅವರು ಹೇಳಿದರು. ಕೇಳಿದವರಲ್ಲಿ ಅರ್ಧ ಜನ ನಂಬಲಿಲ್ಲ, ನಾನು ಆ ಅರ್ಧದವನು. ಮರುದಿನ ಬೆಳಿಗ್ಗೆ ಏಳೂವರೆಗೆ ಷಡ್ಡಕನ ಫೋನು: "ಭಾವಾ, ನಿಮ್ಮವನ ಅಂಗಡಿ ಬಾಗಿಲು ಹಾಕುತ್ತದಂತಲ್ಲ!" ದನಿಯಲ್ಲಿ ಹಬ್ಬವಿತ್ತು. ನಾನು ಸಿಟ್ಟಿಗೇಳಲಿಲ್ಲ, ಏಕೆಂದರೆ ಹನ್ನೊಂದು ಮೂವತ್ತೈದಕ್ಕೆ ಎದ್ದು ಕುಳಿತು ಕೋಲ್ಬೇರನನ್ನು ನಾನು ಪೂರ್ತಿಯಾಗಿ ನೋಡಿ ಯಾವ ಕಾಲವಾಯಿತೋ. ಅಂದು ತೊಡೆಯ ಮೇಲೆ ಮಲಗಿದ್ದ ಮಗಳು ಈಗ ಕ್ಯಾಲಿಫೋರ್ನಿಯಾದಿಂದ ನಾಲ್ಕು ನಿಮಿಷದ ತುಣುಕನ್ನು ಕಳಿಸುತ್ತಾಳೆ, ಅದನ್ನು ಹಲ್ಲುಜ್ಜುತ್ತ ನೋಡುತ್ತೇನೆ, ಪೇಸ್ಟಿನ ನೊರೆಯೊಡನೆ ನಗುತ್ತೇನೆ. ಎಲ್ಲರೂ ಹೀಗೆ ನೋಡಿದರೆ ಆ ಥಿಯೇಟರಿನ ಬಾಡಿಗೆ ಯಾರು ಕಟ್ಟಬೇಕು?

ಸೆಪ್ಟೆಂಬರಿನಲ್ಲಿ ಕಿಮ್ಮಲ್ಲನ ಸರದಿ ಬಂತು. ಬಲಪಂಥೀಯ ಕಾರ್ಯಕರ್ತ ಚಾರ್ಲಿ ಕರ್ಕ್‌ನ ಹತ್ಯೆಯ ನಂತರ ಅವನು ಆಡಿದ ಮಾತಿಗೆ ಎಬಿಸಿ 17ನೆಯ ತಾರೀಖು ಅವನನ್ನು ಕೆಳಗಿಳಿಸಿ, ಮುಂದಿನ ವಾರ ಮತ್ತೆ ಹತ್ತಿಸಿತು. ಮರಳುವ ಆ ರಾತ್ರಿಯನ್ನು ಹಳೆಯ ಕಾಲದವರಂತೆ ಸರಿಯಾದ ಹೊತ್ತಿಗೆ ಎಚ್ಚರವಿದ್ದು ನೋಡಬೇಕೆಂದೇ ನಾನು ಅಲಾರಂ ಇಟ್ಟದ್ದು. ಬೆಳಿಗ್ಗೆ ಷಡ್ಡಕ ಫೋನು ಮಾಡಿ, "ಅತ್ತ ಭಾವಾ!" ಎಂದು ಕೊನೆಯಿಂದ ಶುರು ಮಾಡಿದ. ನೋಡಿದ್ದೇನೆಂದು ಸುಳ್ಳು ಹೇಳಿದೆ. ಯಾವಾಗ ಅತ್ತದ್ದೆಂದು ಪರೀಕ್ಷೆ ಮಾಡಿದ. ಹವಾಮಾನ ಮುಗಿದ ಮೇಲೆ ಎಂದೆ.

ಕೋಲ್ಬೇರನ ಕೊನೆಯ ರಾತ್ರಿಗೆ ತಾನೂ ನಮ್ಮ ಮನೆಗೇ ಬಂದು ಕೂರುವುದಾಗಿ ಅವನು ಆಮೇಲೆ ಹೇಳಿದ. ನನ್ನನ್ನು ಎಬ್ಬಿಸುವ ಹೊಣೆಯೂ ಅವನದೇ. ಆಟ ಮುಗಿಯುವವರೆಗೆ ಬಾಯಿ ತೆರೆಯಬಾರದೆಂದು ನಾನು ಶರತ್ತು ಹಾಕಿದೆ. ಜಾಹೀರಾತಿನ ನಡುವೆ ಮಾತನಾಡಬಹುದೇ ಎಂದು ಕೇಳಿದ. ಸ್ವಲ್ಪ ಯೋಚಿಸಿ, ಆ ನಾಯಿಯ ವಿಷಯವೊಂದನ್ನು ಬೇಕಾದರೆ ಹೇಳಬಹುದೆಂದೆ.

"ಯಾವ ನಾಯಿ?" ಎಂದ.