ಗಲೀಜು ಹುಡುಕಿ, ಸಾವಿರ ಗೆಲ್ಲಿ

2025ರ ದೀಪಾವಳಿಗೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ನಮಗೆಲ್ಲ ಕೊಟ್ಟ ಉಡುಗೊರೆ ನೆನಪಿದೆಯಲ್ವಾ? ಟೋಲ್ ಪ್ಲಾಜಾದ ಶೌಚಾಲಯ ಗಲೀಜಾಗಿದ್ದರೆ ಒಂದು ಫೋಟೋ ತೆಗೆದು ರಾಜಮಾರ್ಗಯಾತ್ರಾ ಆ್ಯಪ್‌ಗೆ ಹಾಕಬೇಕಿತ್ತು, ಫಾಸ್ಟ್ಯಾಗ್‌ಗೆ 1,000 ರೂಪಾಯಿ ರೀಚಾರ್ಜ್ ಬರುತ್ತಿತ್ತು. ಇಂಥ ಯೋಜನೆ ಹೊಳೆಯಬೇಕಾದರೆ ತಲೆ ಬೇಕು. ಶೌಚಾಲಯ ತೊಳೆಯಿರಿ ಅಂತ ಹೇಳುವುದು ಯಾರ ಕೈಲಾದರೂ ಆಗುವ ಕೆಲಸ.

ಷರತ್ತುಗಳನ್ನು ನಾನು ಶ್ರದ್ಧೆಯಿಂದ ಓದಿದ್ದೇನೆ. ಗಲೀಜು ಪ್ರಾಧಿಕಾರದ ಸ್ವಂತದ್ದೇ ಆಗಿರಬೇಕು. ಪೆಟ್ರೋಲ್ ಬಂಕಿನದ್ದು, ಢಾಬಾದ್ದು ನಡೆಯುವುದಿಲ್ಲ. ಒಂದು ಶೌಚಾಲಯಕ್ಕೆ ದಿನಕ್ಕೆ ಒಂದೇ ಬಹುಮಾನ, ಅದೂ ಮೊದಲು ಕಳಿಸಿದವರಿಗೆ. ಅಂದರೆ ಬೆಳಿಗ್ಗೆ ಬೇಗ ಎದ್ದು ಹೋದವರಿಗೆ ಸಾವಿರ ರೂಪಾಯಿ, ಮಧ್ಯಾಹ್ನ ಹೋದವರಿಗೆ ಅದೇ ಗಲೀಜಿನ ಉಚಿತ ದರ್ಶನ. ಒಂದು ಗಾಡಿ ನಂಬರಿಗೆ ಇಡೀ ಯೋಜನೆಯಲ್ಲಿ ಒಂದೇ ಸಲ. ದುಡ್ಡು ಕೈಗೆ ಕೊಡುವುದಿಲ್ಲ, ಟೋಲಿಗೇ ಹೋಗುತ್ತದೆ. ಫೋಟೋದಲ್ಲಿ ಜಾಗ, ಸಮಯ ಎರಡೂ ದಾಖಲಾಗಿರಬೇಕು. ಆಮೇಲೆ ಕೃತಕ ಬುದ್ಧಿಮತ್ತೆ ಕೂತು ಇದು ಅಸಲಿ ಗಲೀಜೋ ನಕಲಿ ಗಲೀಜೋ ಅಂತ ಪರೀಕ್ಷೆ ಮಾಡುತ್ತದೆ. ಜಗತ್ತೆಲ್ಲ ಅದರ ಕೈಲಿ ಕ್ಯಾನ್ಸರ್ ಪತ್ತೆ ಮಾಡಿಸುತ್ತಿದ್ದರೆ ನಾವು ಕಮೋಡ್ ತೋರಿಸುತ್ತಿದ್ದೇವೆ. ಪಾಪ, ಅದಕ್ಕೂ ಒಂದು ಹಣೆಬರಹ ಇರುತ್ತೆ.

ಆ ಹಬ್ಬದ ಸೀಸನ್ನಿನಲ್ಲೇ ನಾವು ಮನೆಮಂದಿಯೆಲ್ಲ ಬೆಂಗಳೂರಿನಿಂದ ಗೋಕರ್ಣಕ್ಕೆ ಹೊರಟಿದ್ದು. ಅದೂ ಬಾಡಿಗೆ ಕ್ಯಾಂಪರ್ ವ್ಯಾನಿನಲ್ಲಿ. ಟೆಂಪೋ ಟ್ರಾವೆಲರಿನ ಸೀಟು ಕಿತ್ತು ಮಂಚ, ಸಿಂಕು, ಫ್ರಿಜ್ಜು, ಗ್ಯಾಸ್ ಒಲೆ ಕೂರಿಸಿರುತ್ತಾರಲ್ಲ, ಅದು. ಮಕ್ಕಳು ರೀಲ್ಸ್ ನೋಡಿ ಹಟ ಹಿಡಿದಿದ್ದವು. ನಾನು ಒಪ್ಪಿದ್ದು ಮಾತ್ರ ಒಂದೇ ಕಾರಣಕ್ಕೆ: ಗಾಡಿಯೊಳಗೇ ಟಾಯ್ಲೆಟ್ ಇತ್ತು.

ಡ್ರೈವರು ಅದನ್ನು ತೋರಿಸಿದ ಠೀವಿ ನೋಡಬೇಕಿತ್ತು. ಬೀರುವಿನಷ್ಟು ಅಗಲದ ಗೂಡು, ಅದರೊಳಗೆ ಪ್ಲಾಸ್ಟಿಕ್ ಕಮೋಡು. ಕೂತರೆ ಮೊಣಕಾಲು ಬಾಗಿಲಿಗೆ ತಾಗುತ್ತದೆ. ಕೆಳಗೆ ಸೂಟ್‌ಕೇಸಿನ ಹಾಗೆ ಎಳೆಯಬಹುದಾದ ಒಂದು ಡಬ್ಬ, ಅದಕ್ಕೆ ಸುರಿಯೋಕೆ ನೀಲಿ ಔಷಧಿ. "ತುಂಬಿದ ಮೇಲೆ ಎಲ್ಲಿ ಖಾಲಿ ಮಾಡ್ತೀರಪ್ಪಾ?" ಅಂದೆ. "ಎಲ್ಲಾದ್ರೂ ನೋಡ್ಕೋಬೋದು ಸರ್" ಅಂದ. ಹೊರದೇಶಗಳಲ್ಲಿ ಇಂಥ ಗಾಡಿಗಳ ಟ್ಯಾಂಕು ಖಾಲಿ ಮಾಡಲು ಬೇರೆ ಜಾಗವೇ ಇರುತ್ತದೆ, ಪೈಪು, ನೀರು ಎಲ್ಲ ಇಟ್ಟು. ನಮ್ಮಲ್ಲಿ ಪಶ್ಚಿಮ ಘಟ್ಟ ಇದೆ.

ಆ ಡಬ್ಬ ತುಂಬುವ ಪ್ರಸಂಗವೇ ಬರಲಿಲ್ಲ. ಅಮ್ಮ ಗಾಡಿ ಹತ್ತಿ ಒಂದು ಸಲ ಸುತ್ತ ನೋಡಿದರು. ಒಲೆ ನೋಡಿದರು. ಆ ಬಾಗಿಲು ತೆಗೆದು ನೋಡಿದರು. "ಒಲೆಗೂ ಕಕ್ಕಸಿಗೂ ಎರಡು ಮೊಳ ಇಲ್ಲ. ಇಲ್ಲಿ ನಾನು ಒಂದು ಲೋಟ ಕಾಫಿ ಸಹ ಮುಟ್ಟಲ್ಲ." ನನ್ನ ಹೆಂಡತಿ, "ಅತ್ತೆ, ಅದಕ್ಕೆ ಮುಚ್ಚಳ ಇದೆ, ವಾಸನೆ ಬರಲ್ಲ" ಅಂತ ಸಮಾಧಾನ ಮಾಡಿದಳು. ಅಮ್ಮ ಅವಳನ್ನು ನೋಡಿದ ನೋಟಕ್ಕೆ ಮುಚ್ಚಳವೂ ಕರಗಬೇಕು. ಒಂದೋ ಕಕ್ಕಸು, ಇಲ್ಲ ಕಾಫಿ. ಕರ್ನಾಟಕದ ಕುಟುಂಬದಲ್ಲಿ ಈ ಚುನಾವಣೆ ಯಾರು ಗೆಲ್ಲುತ್ತಾರೆ ಅಂತ ಹೇಳಬೇಕಾಗಿಲ್ಲ. ನೆಲಮಂಗಲ ದಾಟುವ ಮೊದಲೇ ಅದಕ್ಕೆ ಚಿಲಕ ಬಿತ್ತು. ಒಳಗೆ ಎಲ್ಲರ ಚಪ್ಪಲಿ, ಎರಡು ಕೊಡೆ, ಮಗನ ಕ್ರಿಕೆಟ್ ಬ್ಯಾಟು. ದಿನಬಾಡಿಗೆ ಕೊಟ್ಟು ಹವಾನಿಯಂತ್ರಿತ ಗಾಡಿಯಲ್ಲಿ ಚಪ್ಪಲಿಗಳಿಗೆ ಪ್ರತ್ಯೇಕ ಕೋಣೆ ಮಾಡಿಕೊಟ್ಟ ಮನೆತನ ನಮ್ಮದು.

ಟೋಲಿನ ವಿಚಾರ ಜಾಸ್ತಿ ಹೇಳಲ್ಲ. 2025ರಲ್ಲಿ 3,000 ರೂಪಾಯಿಗೆ ಬಂದ 200 ಟ್ರಿಪ್ಪಿನ ವಾರ್ಷಿಕ ಪಾಸು ಬಾಡಿಗೆ ಗಾಡಿಗಳಿಗೆ ಇರಲಿಲ್ಲ. 60 ಕಿಲೋಮೀಟರ್ ಒಳಗೆ ಎರಡು ಟೋಲ್ ಇದ್ದರೆ ಒಂದನ್ನು ಮೂರು ತಿಂಗಳಲ್ಲಿ ಮುಚ್ಚಿಸುತ್ತೇನೆ ಅಂತ ಗಡ್ಕರಿಯವರು 2022ರ ಮಾರ್ಚ್‌ನಲ್ಲಿ ಲೋಕಸಭೆಯಲ್ಲೇ ಹೇಳಿದ್ದರು. ಮಂಗಳೂರು ಹತ್ತಿರದ ಸುರತ್ಕಲ್ಲಿನವರು ವರ್ಷಗಟ್ಟಲೆ ಹೋರಾಟ ಮಾಡಿ, ಕೊನೆಗೆ ಬೀದಿಗಿಳಿದ ಮೇಲೆ ಅವರ ಟೋಲು ಆ ವರ್ಷದ ಡಿಸೆಂಬರಿನಲ್ಲಿ ಹೋಯಿತು. ಬಂಟ್ವಾಳದ ಬ್ರಹ್ಮರಕೂಟ್ಲು ಟೋಲಿನ ಕಡೆಯವರು ಏನು ಹೇಳುತ್ತಾರೋ ಅವರನ್ನೇ ಕೇಳಿ, ಆದರೆ ಹತ್ತಿರ ಮಕ್ಕಳಿರಬಾರದು.

ನನ್ನ ಮಗಳಿಗೆ ಮಾತ್ರ ಈ ಪ್ರಯಾಣದಲ್ಲಿ ಒಂದು ಗುರಿ ಸಿಕ್ಕಿತ್ತು. ಮೊಬೈಲು ಕೈಲಿ ಹಿಡಿದು, ಪ್ರತಿ ಟೋಲಿನಲ್ಲೂ ಸಾವಿರ ರೂಪಾಯಿ ಬೇಟೆಗೆ ಇಳಿಯುತ್ತಿದ್ದಳು. ಒಂದು ಕಡೆ ನಿಜಕ್ಕೂ ಸ್ವಚ್ಛವಾಗಿತ್ತು, ಪೆಚ್ಚುಮೋರೆ ಹಾಕಿಕೊಂಡು ಬಂದಳು. ಇನ್ನೊಂದು ಕಡೆ ಬೀಗ. ಕೀ ಸೂಪರ್‌ವೈಸರ್ ಹತ್ತಿರ, ಸೂಪರ್‌ವೈಸರ್ ಊಟಕ್ಕೆ. ನೋಡಿ, ಇದು ಯೋಜನೆಗೆ ಸಿಕ್ಕ ನಿಜವಾದ ಉತ್ತರ. ಬೀಗ ಹಾಕಿದ ಶೌಚಾಲಯ ಗಲೀಜಾಗುವುದೇ ಇಲ್ಲ. ಗಲೀಜಿಲ್ಲ ಅಂದ ಮೇಲೆ ಫೋಟೋ ಇಲ್ಲ, ಫೋಟೋ ಇಲ್ಲ ಅಂದ ಮೇಲೆ ದೂರಿಲ್ಲ. ದೂರಿಲ್ಲ ಅಂದರೆ ದೆಹಲಿಯ ಕಂಪ್ಯೂಟರಿನಲ್ಲಿ ಆ ಟೋಲು ದೇಶಕ್ಕೇ ಮಾದರಿ.

ಇಷ್ಟು ಹೊತ್ತು ನಗುತ್ತಾ ಬರೆದೆ. ಈಗ ನಗು ಬರುತ್ತಿಲ್ಲ. ಹೊರಡುವ ಹಿಂದಿನ ರಾತ್ರಿಯಿಂದಲೇ ನಮ್ಮನೆ ಹೆಂಗಸರು ನೀರು ಕಡಿಮೆ ಮಾಡುತ್ತಾರೆ. ಯಾರೂ ಹೇಳಿಕೊಟ್ಟಿದ್ದಲ್ಲ, ಅಮ್ಮನಿಂದ ಮಗಳಿಗೆ ಸುಮ್ನೆ ಬಂದಿದ್ದು. ಹಾಸನ ದಾಟಿ ಬಿಸಿಲೇರಿದಾಗ ಬಾಟಲಿ ಮುಂದೆ ಹಿಡಿದರೆ "ಬೇಡ ರೀ, ದಾರೀಲಿ ಕಷ್ಟ" ಅಂತ ನನ್ನ ಹೆಂಡತಿ ತುಟಿ ಮಾತ್ರ ಒದ್ದೆ ಮಾಡಿಕೊಳ್ಳುತ್ತಾಳೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ತಡೆದುಕೊಳ್ಳೋಕೆ ಆಗಲ್ಲ, ಆದರೂ ತಡೆದುಕೊಳ್ಳುತ್ತಾರೆ. ಇಬ್ಬರಿಗೂ ಆಗಾಗ ಉರಿಮೂತ್ರ. ನಾನು ಮಾತ್ರ ಶಿರಾಡಿ ಘಾಟಿಯಲ್ಲಿ ಗಾಡಿ ನಿಲ್ಲಿಸಿ, ಮರದ ಹಿಂದೆ ಹೋಗಿ, ಸಿಳ್ಳೆ ಹಾಕುತ್ತಾ ಬರುತ್ತೇನೆ. ಟೋಲು ನನಗೂ ಅವರಿಗೂ ಒಂದೇ. ಇಷ್ಟು ವರ್ಷ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು ಎಣಿಸಿಕೊಂಡವರಿಗೆ, ದುಡ್ಡು ಕೊಟ್ಟವರು ನೀರು ಕುಡಿಯದೆ ಕೂತಿದ್ದಾರೆ ಅನ್ನುವುದು ಗೊತ್ತಾಗಲು ಫೋಟೋ ಸ್ಪರ್ಧೆ ಬೇಕಾಯಿತೇ? ಯಾರಿಗೆ ಗೊತ್ತಿರಲಿಲ್ಲ ಇದು?

ಸ್ಪರ್ಧೆ ಸಾರಿದಾಗ ಹಾಕಿದ್ದ ಗಡುವು ಅಕ್ಟೋಬರ್ 31. ಆ ಲೆಕ್ಕದಲ್ಲಿ ರಾಜ್ಯೋತ್ಸವದ ದಿನದಿಂದ ಗಲೀಜು ಪೂರ್ತಿ ಉಚಿತ.

ನಮಗೆ ಬಹುಮಾನ ಬರಲಿಲ್ಲ. ಕೊನೆಗೆ ಒಂದು ಟೋಲಿನಲ್ಲಿ ಅಮ್ಮ ಒಳಗೆ ಹೋಗಲೇಬೇಕಾಯಿತು. ನಲ್ಲಿಯಲ್ಲಿ ನೀರಿತ್ತು, ನೆಲ ಪರವಾಗಿಲ್ಲ ಅನ್ನುವ ಹಾಗಿತ್ತು. ಆದರೆ ಬಾಗಿಲಿಗೆ ಒಳಗಿನಿಂದ ಚಿಲಕವೇ ಇರಲಿಲ್ಲ, ಸ್ಕ್ರೂ ಕಿತ್ತು ಹೋದ ನಾಲ್ಕು ತೂತು ಮಾತ್ರ. ನನ್ನ ಹೆಂಡತಿ ಹೊರಗೆ ನಿಂತು ಎರಡೂ ಕೈಯಲ್ಲಿ ಬಾಗಿಲು ಎಳೆದು ಹಿಡಿದಿದ್ದಳಂತೆ. ಅವಳ ಸರದಿಗೆ ಅಮ್ಮ. ಮಗಳು ಆ ನಾಲ್ಕು ತೂತಿನ ಫೋಟೋ ತೆಗೆದು ತಂದು, "ಅಪ್ಪಾ, ಇದು ನಡೆಯುತ್ತಾ?" ಅಂದಳು. ಇಲ್ಲ ಪುಟ್ಟಾ, ಇದು ಗಲೀಜಲ್ಲ ಅಂದೆ.

ಪ್ರಾಧಿಕಾರದವರೇ, ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಸಾದಾ ಚಿಲಕಕ್ಕೆ ನೂರು ರೂಪಾಯಿಯೂ ಆಗಲ್ಲ. ಅದನ್ನು ಹಾಕಿಸಿ. ಉಳಿದ ಒಂಬೈನೂರು ನೀವೇ ಇಟ್ಕೊಳ್ಳಿ.