ಶಾಲೆ ಬೇಡ ಅಂತ ಲಿಂಕನ್ ಹೇಳಲಿಲ್ಲ

‘ಲಿಂಕನ್ ಶಾಲೆಯಿಲ್ಲದೆಯೇ ಅಧ್ಯಕ್ಷರಾದರು, ಹಾಗಾಗಿ ಶಾಲೆ ಅಷ್ಟೇನೂ ಮುಖ್ಯವಲ್ಲ’ ಎಂಬ ನಿಮ್ಮ ಲೇಖನದ ಮಾತನ್ನು ನಾನು ಒಪ್ಪುವುದಿಲ್ಲ. ಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ಆಗುವುದಿಲ್ಲ ಎಂದು 1860ರಲ್ಲಿ ಅವರೇ ಬರೆದಿದ್ದರು, ನಿಜ. ಆದರೆ ಅದೇ ಬರಹದಲ್ಲಿ ಓದು ಸಾಲದ್ದಕ್ಕೆ ಬೇಸರವನ್ನೂ ತೋಡಿಕೊಂಡಿದ್ದಾರೆ. ಅದನ್ನು ಯಾಕೆ ಬಿಟ್ಟಿರಿ? ಇನ್ನು, ಪೂರ್ತಿ ಒಬ್ಬರೇ ಕಲಿತರು ಅನ್ನೋದೂ ಸರಿಯಲ್ಲ. ಮಲತಾಯಿ ಸಾರಾ ಓದಿಗೆ ಬೆಂಬಲವಾಗಿ ನಿಂತರು, ವಕೀಲ ಜಾನ್ ಸ್ಟುವರ್ಟ್ ಕಾನೂನು ಪುಸ್ತಕ ಕೊಟ್ಟರು. ಸಂಸದರಾದ ಮೇಲೂ ಯೂಕ್ಲಿಡ್‌ನ ರೇಖಾಗಣಿತ ಹಿಡಿದು ಕೂತವರು ಅವರು (ಹತ್ತನೇ ಕ್ಲಾಸು ಮುಗಿದ ಮೇಲೆ ನಾವೆಷ್ಟು ಜನ ಅದನ್ನು ಮುಟ್ಟಿದ್ದೇವೆ?). ಮಗ ರಾಬರ್ಟ್ ಓದಿದ್ದು ಹಾರ್ವರ್ಡ್‌ನಲ್ಲಿ. 1862ರಲ್ಲಿ, ಅಂತರ್ಯುದ್ಧದ ನಡುವೆಯೇ, ಕೃಷಿ ಮತ್ತು ತಾಂತ್ರಿಕ ಕಾಲೇಜುಗಳಿಗಾಗಿ ರಾಜ್ಯಗಳಿಗೆ ಸರ್ಕಾರಿ ಜಮೀನು ಕೊಡುವ ಕಾಯ್ದೆಗೆ ಸಹಿ ಹಾಕಿದ್ದೂ ಇದೇ ಲಿಂಕನ್ ಅಲ್ವಾ?